ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಕಲಿತ ಗಣಿತ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ನನ್ನ ತಲೆ ಚುರುಕಿಲ್ಲ ಕಣೋ, ಪಿಎಚ್‌ಡಿ ಬಿಟ್ಟುಬಿಡ್ತೀನಿ" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಅದಕ್ಕೇ ನಿನಗೆ ಗಣಿತಜ್ಞ ಮಿಶೆಲ್ ತಲಗ್ರಾನ್ ಬಗ್ಗೆ ಹೇಳಬೇಕು ಅನ್ನಿಸಿತು. ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಅಬೆಲ್ ಪ್ರಶಸ್ತಿ 2024ರಲ್ಲಿ ಬಂದದ್ದು ಇವರಿಗೇ.

ಫ್ರಾನ್ಸಿನವರು, 1952ರಲ್ಲಿ ಹುಟ್ಟಿದವರು. 5ನೇ ವಯಸ್ಸಿಗೇ ಬಲಗಣ್ಣು ಹೋಯಿತು. 15ಕ್ಕೆ ಎಡಗಣ್ಣಿನ ರೆಟಿನಾ ಕೂಡ ಕಿತ್ತುಬಂತು. ಒಂದು ತಿಂಗಳು ಆಸ್ಪತ್ರೆ, ಎರಡೂ ಕಣ್ಣಿಗೆ ಪಟ್ಟಿ. ಅಪ್ಪ ಗಣಿತದ ಮೇಷ್ಟ್ರು. ದಿನಾ ಬಂದು ಮಗನಿಗೆ ಗಣಿತ ಹೇಳಿಕೊಡುತ್ತಿದ್ದರು. ಹುಡುಗನಿಗೆ ಕಾಗದ ಕಾಣುವುದಿಲ್ಲ, ಬರೀ ಅಪ್ಪನ ಮಾತು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

1974ರಲ್ಲಿ ಫ್ರಾನ್ಸಿನ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್ ಸೇರಿದರು. ಶುರುವಿನ ಕೆಲಸ ಅನಾಲಿಸಿಸ್ ಎಂಬ ಗಣಿತದ ಶಾಖೆಯಲ್ಲಿ. ಜ್ಯಾಮಿತಿಯತ್ತ ಎಳೆದವರು ಗಣಿತಜ್ಞ ವಿಟಾಲಿ ಮಿಲ್ಮನ್. ಸಾವಿರಾರು ಆಯಾಮದ ಗೋಳ ತಗೋ. ಅದರ ಮೇಲ್ಮೈ ಹೆಚ್ಚುಕಡಿಮೆ ಪೂರ್ತಿ ನಡುಗೆರೆಯ ಸುತ್ತಲಿನ ತೆಳು ಪಟ್ಟಿಯಲ್ಲೇ ಇರುತ್ತದೆ. ನಡುಗೆರೆಯನ್ನು ಎಲ್ಲಿ ಬೇಕಾದರೂ ಎಳಿ, ಆಗಲೂ ಹೀಗೇ! ತಲಗ್ರಾನ್ ಇದೇ ಗುಟ್ಟನ್ನು ಸಂಭವನೀಯತೆಗೆ ತಂದರು. ನಾಣ್ಯವನ್ನು 1000 ಸಲ ಚಿಮ್ಮುವ ಆಟವನ್ನು 100 ಬಾರಿ ಆಡಿದರೆ, 99ಕ್ಕಿಂತ ಜಾಸ್ತಿ ಬಾರಿ ತಲೆ ಬಿದ್ದ ಲೆಕ್ಕ 450ರಿಂದ 550ರ ಒಳಗೇ ಇರುತ್ತದೆ, ಅಲ್ವಾ? ಬರೀ ಕೂಡಿದ ಮೊತ್ತಕ್ಕಲ್ಲ, ಎಷ್ಟೋ ಬಗೆಯ ಲೆಕ್ಕಗಳಿಗೂ ಹೀಗೇ. ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಆಕಸ್ಮಿಕಗಳು ಸೇರಲಿ, ಯಾವುದೊಂದರ ಕೈಯೂ ಮೇಲಾಗದಿದ್ದರೆ ಫಲಿತಾಂಶ ಅಲುಗಾಡುವುದೇ ಕಮ್ಮಿ. ಎಷ್ಟು ಕಮ್ಮಿ ಎಂದು ಅವರು ಅಳೆದು ತೋರಿಸಿದರು. ಸ್ಪಿನ್ ಗ್ಲಾಸ್ ಎಂಬ ಅಸ್ತವ್ಯಸ್ತ ಕಾಂತ ವಸ್ತುಗಳ ಬಗ್ಗೆ ಭೌತವಿಜ್ಞಾನಿ ಪಾರಿಸಿ ಊಹಿಸಿದ್ದ ಸೂತ್ರಕ್ಕೂ ಪೂರ್ತಿ ಪುರಾವೆ ಕೊಟ್ಟರು. ಅದು ಅಚ್ಚಾದದ್ದು 2006ರಲ್ಲಿ.

ಇಷ್ಟಾದರೂ ಅವರು ಏನು ಹೇಳಿಕೊಂಡಿದ್ದಾರೆ ಗೊತ್ತಾ? ಗಣಿತ ತನಗೆ ಬೇಗ ಹತ್ತುವುದಿಲ್ಲ, ನೆನಪಿನ ಶಕ್ತಿ ಸಾಲದು, ಅದಕ್ಕೇ ಸರಳ ವಿಷಯಗಳನ್ನೇ ತುಂಬ ಚೆನ್ನಾಗಿ ಅರ್ಥ ಮಾಡಿಕೊಳ್ಳಲು ನೋಡುತ್ತೇನೆ ಅಂತ. ನಾಣ್ಯ ಚಿಮ್ಮಿದಂಥ ಆಕಸ್ಮಿಕ ಮೊತ್ತಗಳು ಎಷ್ಟು ದೊಡ್ಡದಾಗಬಹುದು ಎಂಬ ಬಗ್ಗೆ ಅವರೇ ಮಾಡಿದ್ದ 'ಬರ್ನೂಲಿ ಊಹೆ' ವರ್ಷಗಟ್ಟಲೆ ಹೆಣಗಿದರೂ ಅವರಿಗೆ ಬಗ್ಗಲಿಲ್ಲ. ಬಿಡಿಸಿದವರಿಗೆ ತನ್ನ ಕೈಯಿಂದಲೇ ಬಹುಮಾನ ಕೊಡುತ್ತೇನೆ ಎಂದರು. ಕೊನೆಗೆ ಬೆಡ್ನೋರ್ಜ್ ಮತ್ತು ಲತಾವಾ ಎಂಬ ಪೋಲೆಂಡಿನ ಇಬ್ಬರು ಬಿಡಿಸಿದರು.

ನಿನ್ನ ಪ್ರಬಂಧದ ಮೂರನೇ ಅಧ್ಯಾಯದ ಆ ಲೆಮ್ಮಾ, ಆ ಪುಟ್ಟ ಪ್ರಮೇಯ, ಎರಡು ವರ್ಷದಿಂದ ನಿಂತಿದೆ ಅಂದೆಯಲ್ಲ? ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೀನಿ. ಪುಸ್ತಕ ಮುಚ್ಚಿಡು, ಬಾಯಲ್ಲೇ ಹೇಳು. ಎಷ್ಟು ಹೊತ್ತಾದರೂ ಕೇಳ್ತೀನಿ.

ನಿನ್ನ ಗೆಳೆಯ