ಬಾರ್ಬಡೋಸ್ ಟ್ರಿಪ್: ಭಾನುವಾರದೊಳಗೆ ಹೇಳಿ
ಎಲ್ರಿಗೂ ನಮಸ್ಕಾರ 🙏 ನವೆಂಬರ್ ಕೊನೇಲಿ ಇಲ್ಲಿ ಅಮೆರಿಕದಲ್ಲಿ ಸಿಗೋ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಾರ್ಬಡೋಸ್ ಅಂತ ಹೆಚ್ಚುಕಮ್ಮಿ ಫಿಕ್ಸ್ ಆಗಿದೆ, ಬರೋರು ಎಷ್ಟು ಜನ, ಮಕ್ಕಳೆಷ್ಟು ಅಂತ ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕ್ಬಿಡಿ, ಆಮೇಲೆ ಟಿಕೆಟ್ ರೇಟ್ ಏರಿದ್ರೆ ನನ್ನ ಬೈಬೇಡಿ.

ಮೊದ್ಲು ಪಾಸ್‌ಪೋರ್ಟ್ ತೆಗೆದು ನೋಡಿ. ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಟೂರಿಸ್ಟಾಗಿ ಹೋಗಕ್ಕೆ ಅಲ್ಲಿ ವೀಸಾ ಬೇಡ, ಕಷ್ಟ ಇರೋದು ಅಮೆರಿಕಕ್ಕೆ ವಾಪಸ್ ಬರೋವಾಗ. ಪಾಸ್‌ಪೋರ್ಟಲ್ಲಿ ಎಚ್‌1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪ್ ಮುಗಿದಿರೋರು ಲಾಯರ್ ಹತ್ರ ಕೇಳ್ದೆ ದಯವಿಟ್ಟು ಬುಕ್ ಮಾಡ್ಬೇಡಿ.

ಹರಿಕೇನ್ (ಚಂಡಮಾರುತ) ಸೀಸನ್ ನವೆಂಬರ್ 30ರವರೆಗೂ ಇರತ್ತೆ, ಕೊನೇ ವಾರದಲ್ಲಿ ಬರೋದು ಅಪರೂಪ, ಆದ್ರೂ ಕ್ಯಾನ್ಸಲ್ ಮಾಡೋಕಾಗೋ ರೂಮೇ ಹಿಡಿಯೋಣ. ಅದೇ 30ನೇ ತಾರೀಖು ಅವರ ಸ್ವಾತಂತ್ರ್ಯ ದಿನ, ರಜೆ, ಹಾಲು ಬ್ರೆಡ್ಡು ಹಿಂದಿನ ದಿನಾನೇ ತಗೊಂಡಿಡ್ಬೇಕು.

ರೂಮು ಪಶ್ಚಿಮದ ಕಡೆ, ಅಲ್ಲಿ ಸಮುದ್ರ ಶಾಂತ, ಮಕ್ಕಳು ಇಳೀಬಹುದು. ಪೂರ್ವದ ಬಾತ್‌ಶೀಬಾ ಬೀಚ್ ಬರೀ ನೋಡಕ್ಕೆ, ಅಲೆ ಜೋರು. ಕಾರು ನಮ್ಮೂರ ಥರ ಎಡಗಡೆ ಓಡ್ಸೋದು 😀 ದುಡ್ಡು ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್.

ಒಂದು ಮುಖ್ಯ ವಿಷ್ಯ, ಮಿಲಿಟರಿ ಡಿಸೈನಿನ ಹಸಿರು ಮಚ್ಚೆ ಬಟ್ಟೆ ಅಲ್ಲಿ ಕಾನೂನುಬಾಹಿರ, ಮಕ್ಕಳ ಚಡ್ಡೀಗೂ ಅನ್ವಯ. ಪ್ಯಾಕ್ ಮಾಡೋವಾಗ್ಲೇ ತೆಗೆದಿಡಿ.

ಶುಕ್ರವಾರ ರಾತ್ರಿ ಆಯಿಸ್ಟಿನ್ಸ್ ಅನ್ನೋ ಮೀನುಗಾರರ ಊರಿಗೆ ಮೀನು ತಿನ್ನೋರು ಹೋಗಿ, ಸಸ್ಯಾಹಾರಿಗಳಿಗೆ ಆಲೂ ರೋಟಿ, ಮ್ಯಾಕರೋನಿ ಪೈ ಹುಡುಕೋಣ. ಕೆನ್ಸಿಂಗ್ಟನ್ ಓವಲ್ ಮಾತ್ರ ಬಿಡೋ ಹಾಗೇ ಇಲ್ಲ, 2024ರಲ್ಲಿ ನಮ್ಮೋರು ಟಿ20 ವರ್ಲ್ಡ್ ಕಪ್ ಗೆದ್ದಿದ್ದು ಅಲ್ಲೇ!

ಅಡುಗೆಮನೆ ಇರೋ ಮನೆ ಬೇಕಾ, ಹೋಟೆಲ್ಲಾ ಅಂತಾನೂ ಹೆಸರಿನ ಜೊತೆ ಬರೀರಿ. ಬರೀ ಥಂಬ್ಸ್‌ಅಪ್ ಹಾಕಿದ್ರೆ ಲೆಕ್ಕಕ್ಕೆ ತಗೊಳಲ್ಲ.