ನೀವು ಲಿನಕ್ಸ್ ಹಾಕಿ ಕೊಟ್ಟ ಕಂಪ್ಯೂಟರಲ್ಲಿ ವೈಫೈ ಬರುದಿಲ್ಲ, ಸರಿಮಾಡಿ ಕೊಡಿ

ಗೆ,
ಮ್ಯಾನೇಜರ್,
ಕಂಪ್ಯೂಟರ್ ಸೇಲ್ಸ್ ಮತ್ತು ಸರ್ವಿಸ್, ಉಡುಪಿ

ಸರ್ ನಮಸ್ಕಾರ,

ನಿಮ್ಮ ಅಂಗಡಿಯಿಂದ ತಗೊಂಡ ರೀಫರ್ಬಿಶ್ಡ್ ಸಿಪಿಯು ವಿಷಯ ಬರೀತಾ ಇದ್ದೇನೆ. ಫೋನ್ ಮಾಡಿದಾಗೆಲ್ಲ "ಅದು ಲಿನಕ್ಸ್ ಪ್ರಾಬ್ಲಮ್, ನಮ್ದಲ್ಲ" ಅಂತಲೇ ಹೇಳುದು, ಹಾಗಾಗಿ ಬರೆದೇ ಕೊಡುವ ಅಂತ ಕೂತದ್ದು. ಇದು ಲಿನಕ್ಸ್ ಪ್ರಾಬ್ಲಮ್ ಅಲ್ಲ. ನೀವು ಹಾಕಿದ ವರ್ಷನ್ ಹಳತು, ನೀವು ಕೊಟ್ಟ ಯುಎಸ್‌ಬಿ ವೈಫೈ ಡಾಂಗಲ್ ಆ ವರ್ಷನಿಗೆ ಆಗುದಿಲ್ಲ, ಎರಡೂ ನಿಮ್ಮಲ್ಲಿಂದಲೇ ಬಂದದ್ದು.

ತಗೊಳ್ಳುವಾಗ ಕೌಂಟರಲ್ಲಿದ್ದವರು ಏನು ಹೇಳಿದ್ರು ಅಂತ ನೆನಪು ಮಾಡ್ತೇನೆ. ಈ ಪ್ರೊಸೆಸರಿಗೆ ವಿಂಡೋಸ್ 11 ಹಾಕ್ಲಿಕ್ಕೆ ಆಗುದಿಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸಿನ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿ ಕೊಡ್ತೇವೆ, ಮನೆಗೆ ಹೋಗಿ ಪ್ಲಗ್ ಹಾಕಿದ್ರೆ ಆಯ್ತು ಅಂದ್ರು. ಸರಿ ಅಂತ ಒಪ್ಪಿದೆವು, ಮಗಳು ಸೆಕೆಂಡ್ ಪಿಯುಸಿ, ಹೆಂಡತಿ ಸ್ವಸಹಾಯ ಸಂಘದ ಲೆಕ್ಕ ಬರೀತಾಳೆ, ನಮಗೆ ದೊಡ್ಡ ಮೆಷಿನ್ ಬೇಕಾಗಿರ್ಲಿಲ್ಲ, 4 ಜಿಬಿ ರ‍್ಯಾಮ್ ಸಾಕು ಅನ್ನಿಸ್ತು.

ಮನೇಲಿ ಆನ್ ಮಾಡಿದ್ರೆ ವೈಫೈ ಅನ್ನುದೇ ಇಲ್ಲ. ನೀವು ಕೊಟ್ಟ ಆ ಸಣ್ಣ ಡಾಂಗಲ್ ಹಾಕಿದ್ರೆ ಸಿಡಿ ಡ್ರೈವ್ ತರ ತೋರಿಸ್ತದೆ, ಒಳಗೆ ವಿಂಡೋಸಿನ ಸೆಟಪ್ ಫೈಲ್ ಉಂಟು, ಲಿನಕ್ಸಿಗೆ ಅದರಿಂದ ಎಂತ ಉಪಯೋಗ? ಮಣಿಪಾಲದಲ್ಲಿ ಓದುವ ಅಕ್ಕನ ಮಗ ಬಂದು ನೋಡಿದ. ಒಳಗಿರುದು 8821ಸಿಯು ಚಿಪ್ ಅಂತೆ, ಇದನ್ನು ಓಡಿಸುವ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಲಿನಕ್ಸಿನ ಮೂಲ ಭಾಗವಾದ ಕರ್ನಲಿನೊಳಗೇ ಬಂದದ್ದು 6.2 ವರ್ಷನಲ್ಲಿ, ನೀವು ಹಾಕಿದ್ದು ಉಬುಂಟು 20.04, ಅದರ ಕರ್ನಲ್ 5.15. ಮತ್ತೆ ಹೇಗೆ ಬರ್ತದೆ ಹೇಳಿ? ಡ್ರೈವರ್ ಬೇರೆ ಹಾಕುವ ಅಂದ್ರೆ ಅದನ್ನು ಡೌನ್‌ಲೋಡ್ ಮಾಡ್ಲಿಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟಿಗೆ ಡ್ರೈವರ್ ಬೇಕು. ಕೊನೆಗೆ ನನ್ನ ಮೊಬೈಲನ್ನು ಕೇಬಲಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡಿ ನೆಟ್ ಕೊಟ್ಟ, ಆಗ ಪಾಸ್ವರ್ಡ್ ಕೇಳ್ತು! ಆ ಪಾಸ್ವರ್ಡ್ ನೀವು ನಮಗೆ ಕೊಡ್ಲೇ ಇಲ್ಲ. ಆನ್ ಮಾಡಿದ ಕೂಡ್ಲೆ ಸೀದಾ ಒಳಗೆ ಹೋಗುವ ಹಾಗೆ ಸೆಟ್ ಮಾಡಿ ಕೊಟ್ಟಿದ್ದೀರಿ, ಹಾಗಾಗಿ ಪಾಸ್ವರ್ಡ್ ಒಂದುಂಟು ಅಂತಲೇ ನಮಗೆ ಗೊತ್ತಿರ್ಲಿಲ್ಲ. ಅದಕ್ಕಿಂತ ಮೊದ್ಲು ಮಗಳು ಟರ್ಮಿನಲಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ಏನೋ ಒಂದು ಕಮಾಂಡ್ ಕೊಟ್ಟಿದ್ಳು, ಅದು ಪಾಸ್ವರ್ಡ್ ಕೇಳಿದ್ದು ಅಂತ ಗೊತ್ತಾಗದೆ ಟೈಪ್ ಮಾಡಿ ನೋಡಿದ್ಳು, ಸ್ಕ್ರೀನಲ್ಲಿ ಒಂದು ಚುಕ್ಕಿ ಸಹ ಬೀಳ್ಲಿಲ್ಲ, ಕೀಬೋರ್ಡ್ ಹಾಳಾಯ್ತು ಅಂತ ಹೆದರಿ ಬಿಟ್ಟಳು ಪಾಪ. ಟರ್ಮಿನಲಲ್ಲಿ ಪಾಸ್ವರ್ಡ್ ಹೊಡೆಯುವಾಗ ಕಾಣುದಿಲ್ಲ ಅಂತ ಹೊಸಬರಿಗೆ ಯಾರಾದ್ರೂ ಹೇಳ್ಬೇಕಲ್ವಾ?

ನಿಮ್ಮಲ್ಲಿ ಕೇಳಿದ್ರೆ ಹಾಕಿದ ಹುಡುಗ ಕೆಲ್ಸ ಬಿಟ್ಟಿದ್ದಾನೆ, ಪಾಸ್ವರ್ಡ್ ಗೊತ್ತಿಲ್ಲ ಅಂದ್ರು. ಹಾಗಾದ್ರೆ ನಾವೇ ಬೇರೆ ಹಾಕ್ತೇವೆ ಅಂದ್ರೆ ವಾರಂಟಿ ಹೋಗ್ತದೆ ಅಂದ್ರು. ಕೇಳಿ ಕೇಳಿ ಮಂಡೆಬೆಚ್ಚ ಆಗಿದೆ ನಮಗೆ.

ನನಗೆ ತುಂಬ ಬೇಜಾರಾದ ವಿಷಯ ಬೇರೆ ಉಂಟು. ವಿಂಡೋಸ್ 10ರ ಸಪೋರ್ಟ್ ಮುಗಿದಿದೆ ಅಂತ ಹೇಳಿ ನೀವು ಹಾಕಿದ 20.04ರ ಮಾಮೂಲಿ ಸಪೋರ್ಟ್ ಅದಕ್ಕಿಂತ ಮೊದ್ಲೇ, 2025ರ ಮೇ ತಿಂಗಳಲ್ಲೇ ಮುಗಿದಿತ್ತು. ಹಳೇ ಪೆನ್‌ಡ್ರೈವ್ ಇತ್ತು, ಅದನ್ನೇ ಹಾಕಿದ್ರು ಅಂತ ಕಾಣ್ತದೆ. ಲಿನಕ್ಸ್ ಫ್ರೀ, ಆದ್ರೂ ನಿಮ್ಮ ಕೆಲ್ಸಕ್ಕೆ ದುಡ್ಡು ಬೇಡ ಅಂತ ನಾನು ಹೇಳುದಿಲ್ಲ, ಇನ್‌ಸ್ಟಾಲೇಶನ್ ಚಾರ್ಜ್ ಅಂತ ಬಿಲ್ಲಲ್ಲಿ ಹಾಕಿದ್ದೀರಿ, ಕೊಟ್ಟಿದ್ದೇನೆ, ಹಾಗಿದ್ಮೇಲೆ ಕೆಲ್ಸ ಸರಿಯಾಗ್ಬೇಕು.

ಅಕ್ಕನ ಮಗ ಪೆನ್‌ಡ್ರೈವಿಂದ ಉಬುಂಟು 24.04 ಲೈವ್, ಅಂದ್ರೆ ಕಂಪ್ಯೂಟರಿಗೆ ಹಾಕದೆಯೇ, ಓಡಿಸಿ ತೋರಿಸಿದ, ಆ ಸಿಡಿ ಡ್ರೈವನ್ನು ಇಜೆಕ್ಟ್ ಕೊಟ್ಟ ಮೇಲೆ ಅದೇ ಡಾಂಗಲ್, ಅದೇ ಸಿಪಿಯು, ವೈಫೈ ಬಂತು. ಮಗಳ ಮುಖ ನೋಡ್ಬೇಕಿತ್ತು ನೀವು. ಕನ್ನಡ ಟೈಪಿಂಗ್ ಕೂಡ ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ಲೇಔಟ್ ಹಾಕಿದ್ರೆ ಆಗ್ತದೆ ಅಂತ ತೋರಿಸಿದ, ನಿಮ್ಮವರು ಆಗುದೇ ಇಲ್ಲ ಅಂದಿದ್ರು. ನಾವು ಇನ್‌ಸ್ಟಾಲ್ ಮಾಡ್ಲಿಲ್ಲ, ವಾರಂಟಿಯ ಕಾರಣಕ್ಕೆ.

ಈಗ ನಾನು ಕೇಳುದು ಇಷ್ಟು. 4 ಜಿಬಿಗೆ ಹಗುರ ಇರ್ಲಿ, ಲಿನಕ್ಸಿನ ಇನ್ನೊಂದು ಬಗೆ, ಹಗುರದ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ ಹಾಕಿ ಕೊಡಿ, ಅದಕ್ಕೆ 2029ರವರೆಗೆ ಅಪ್ಡೇಟ್ ಬರ್ತದೆ, ಪಾಸ್ವರ್ಡನ್ನು ನಮ್ಮ ಎದುರೇ ಇಡಿ, ವೈಫೈ ಕನೆಕ್ಟ್ ಆಗುದನ್ನು ಅಂಗಡಿಯಲ್ಲೇ ತೋರಿಸಿ. ಡಾಂಗಲ್ ಮತ್ತೆ ಕಿರಿಕಿರಿ ಮಾಡಿದ್ರೆ ಲಿನಕ್ಸಿಗೆ ಆಗುವಂಥ ಬೇರೆ ಕೊಡಿ. ಓಎಸ್ ಬದಲಾಯಿಸಿದ್ರೆ ಹಾರ್ಡ್‌ವೇರ್ ವಾರಂಟಿ ಹೋಗುದಿಲ್ಲ ಅಂತ ಬಿಲ್ಲಿನ ಹಿಂದೆ ಬರೆದು ಸೀಲ್ ಹಾಕಿ. ಈ ಮಳೆಗೆ ಕಟಪಾಡಿಯಿಂದ ಸಿಪಿಯು ಹೊತ್ತುಕೊಂಡು ಬಸ್ಸಲ್ಲಿ ಪುನಃ ಪುನಃ ಬರ್ಲಿಕ್ಕೆ ಆಗುದಿಲ್ಲ, ಯಾವ ದಿನ ಬಂದ್ರೆ ಗೊತ್ತಿರುವವರು ಇರ್ತಾರೆ ಅಂತ ಮೊದ್ಲೇ ಫೋನ್ ಮಾಡಿ ತಿಳಿಸಿ.

ಇದೂ ಆಗುದಿಲ್ಲ ಅಂದ್ರೆ 1915 ಗ್ರಾಹಕ ಸಹಾಯವಾಣಿಗೆ ಹೇಳ್ತೇನೆ, ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀಸ್ ಇಲ್ಲ ಅಂತ ವಿಚಾರಿಸಿದ್ದೇನೆ. ಬಿಲ್ಲಿನ ಜೆರಾಕ್ಸ್, ಡಾಂಗಲ್ ಸಿಡಿ ಡ್ರೈವ್ ತರ ಕಾಣುವ ಸ್ಕ್ರೀನಿನ ಫೋಟೋ ಎರಡೂ ಇದರ ಜೊತೆ ಇಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕ,
ಕಟಪಾಡಿ