ಹಸಿರು ನದಿಯಷ್ಟೇ ಅಲ್ಲ

ಮಾನ್ಯರೇ,

ಮಾರ್ಚ್ ಬಂತೆಂದರೆ ಅಮೆರಿಕದ ಷಿಕಾಗೊ ನದಿ ಬಣ್ಣ ಹಾಕಿ ಹಸಿರಾದ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಐರ್ಲೆಂಡ್ ಮೂಲದವರ (ಐರಿಷರ) ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಅಲ್ಲಿನ ಪ್ಲಂಬರ್‌ಗಳು 1962ರಲ್ಲಿ ಶುರು ಮಾಡಿದ ಪದ್ಧತಿ ಅದು. ಚೆಂದವೇ. ಆದರೆ ಐರಿಷ್ ವಲಸಿಗರು ಅಮೆರಿಕಕ್ಕೆ ಕೊಟ್ಟಿದ್ದು ಅಷ್ಟೇ ಅಲ್ಲವಲ್ಲ! ಉಳಿದದ್ದರ ಬಗ್ಗೆಯೂ ನಾಲ್ಕು ಸಾಲು ಬರಲಿ.

1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಲಕ್ಷಾಂತರ ಐರಿಷ್ ಜನ ಹಡಗು ಹತ್ತಿದರು. ನ್ಯೂಯಾರ್ಕ್‌ನ ಫೈವ್ ಪಾಯಿಂಟ್ಸ್ ಕೊಳೆಗೇರಿಯಲ್ಲಿ ಐರಿಷರು, ಕಪ್ಪು ಜನರು ಅಕ್ಕಪಕ್ಕದಲ್ಲೇ ಇದ್ದರು. ಐರಿಷರ ಜಿಗ್ ಕುಣಿತ, ಕಪ್ಪು ಜನರ ಆಫ್ರಿಕನ್ ಮೂಲದ ಕುಣಿತ ಅಂಥ ಕಡೆ ಬೆರೆತವು. ಬೂಟಿನಿಂದ ನೆಲ ತಟ್ಟಿ ತಾಳ ಹಾಕುವ ಟ್ಯಾಪ್ ಡಾನ್ಸ್ ಬೆಳೆದದ್ದು ಹೀಗೆ. ಇದರಲ್ಲಿ ವಿಲಿಯಂ ಹೆನ್ರಿ ಲೇನ್ ಎಂಬ ಕಪ್ಪು ನರ್ತಕನ ಪಾಲು ದೊಡ್ಡದು. ಹಾಗಾಗಿ ಎಲ್ಲ ಶ್ರೇಯವನ್ನೂ ಸುಮ್ನೆ ಐರಿಷರಿಗೇ ಕೊಡುವುದು ಸರಿಯಲ್ಲ.

ಸೇಂಟ್ ಪ್ಯಾಟ್ರಿಕ್ ಹಬ್ಬದೂಟದ ಕಾರ್ನ್ಡ್ ಬೀಫ್ (ಉಪ್ಪುನೀರಲ್ಲಿ ನೆನೆಸಿಟ್ಟ ದನದ ಮಾಂಸ) ಕೂಡ ಐರ್ಲೆಂಡ್‌ನ ರೂಢಿಯಲ್ಲ. ಅಲ್ಲಿ ಹಂದಿಮಾಂಸವೇ ಜಾಸ್ತಿ. ನ್ಯೂಯಾರ್ಕ್‌ನ ಯಹೂದಿ ಮಾಂಸದಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಐರಿಷ್ ವಲಸಿಗರು ಎಲೆಕೋಸಿನ ಜೊತೆ ಬೇಯಿಸಿ ತಮ್ಮದಾಗಿಸಿಕೊಂಡರು.

ಇನ್ನು ಹ್ಯಾಲೊವೀನ್, ಅಂದರೆ ಅಕ್ಟೋಬರ್ ಕೊನೆಯ ದೆವ್ವ-ಭೂತಗಳ ವೇಷದ ಹಬ್ಬ. ಬೆಂಗಳೂರಿನ ಮಾಲ್‌ಗಳಲ್ಲೂ ಈಗ ಕಾಣುವ ಆ ಕುಂಬಳಕಾಯಿ ದೀಪವನ್ನು ಐರ್ಲೆಂಡ್‌ನಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೊರೆದು ಮಾಡುತ್ತಿದ್ದರು. ಕುಂಬಳಕಾಯಿ ಸಿಕ್ಕಿದ್ದು ಅಮೆರಿಕಕ್ಕೆ ಬಂದ ಮೇಲೆ.

– ಒಬ್ಬ ಓದುಗ, ಶಿವಮೊಗ್ಗ